ಜಪಾನಿ ಅಕ್ಷರಕ್ಕೆ ಯಾವ ಎನ್‌ಕೋಡಿಂಗ್? ನಾಲ್ಕನ್ನೂ ಕೆಡಿಸಿ ನೋಡಿದೆ

ಜಪಾನಿ ಕಲಿಯುವಾಗ ಪದಪಟ್ಟಿ ಮಾಡಿಕೊಳ್ಳುತ್ತೇನೆ, ಜಪಾನಿ ಪದದ ಪಕ್ಕದಲ್ಲೇ ಕನ್ನಡದ ಅರ್ಥ. ಅದರ ಜಪಾನಿ ಭಾಗವನ್ನು ಶಿಫ್ಟ್-ಜಿಸ್, ಇಯುಸಿ-ಜೆಪಿ, ಐಎಸ್‌ಒ-2022-ಜೆಪಿ, ಯುಟಿಎಫ್-8 ಎಂಬ ನಾಲ್ಕು ಎನ್‌ಕೋಡಿಂಗ್‌ಗಳಲ್ಲೂ (ಅಂದರೆ ಅಕ್ಷರಗಳನ್ನು ಬೈಟ್ ಅನ್ನುವ ಸಂಖ್ಯೆಗಳಾಗಿ ಇಡುವ ಪದ್ಧತಿಗಳಲ್ಲಿ) ಸೇವ್ ಮಾಡಿ, ಆಮೇಲೆ ಬೇಕಂತಲೇ ಅಲ್ಲೊಂದು ಇಲ್ಲೊಂದು ಬೈಟ್ ಅಳಿಸಿದೆ. ಫೈಲ್ ಸರಿಯಾಗಿದ್ದಾಗ ಎಲ್ಲವೂ ಒಳ್ಳೆಯವೇ. ಕೆಟ್ಟಾಗ ಎಷ್ಟು ಕೆಡುತ್ತದೆ ಅನ್ನುವುದೇ ಮುಖ್ಯ ಅಲ್ವಾ?

ಶಿಫ್ಟ್-ಜಿಸ್ ಅತಿ ಹೆಚ್ಚು ಕಾಡಿಸಿತು. ಇದರಲ್ಲಿ ಕಾಂಜಿ (ಚೀನಾ ಮೂಲದ ಅಕ್ಷರ), ಪೂರ್ಣ ಅಗಲದ ಕಾನಾ (ಹಿರಗಾನಾ, ಕಾಟಕಾನಾ ಅನ್ನುವ ಉಚ್ಚಾರಣೆಯ ಅಕ್ಷರ) ಎಲ್ಲ ಎರಡು ಬೈಟ್, ಆದರೆ ಎರಡನೇ ಬೈಟ್ ಮಾಮೂಲಿ ಆಸ್ಕಿ (ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಹಳೆಯ ಪಟ್ಟಿ) ಚಿಹ್ನೆಯದೇ ಆಗಿರಬಹುದು. ಕಾಟಕಾನಾದ 'ಸೊ' ಅಂದರೆ, ಬೈಟ್‌ಗಳನ್ನು ಹದಿನಾರರ ಎಣಿಕೆಯಲ್ಲಿ ಬರೆದರೆ, 83 5ಸಿ. ಆ 5ಸಿ ಅಂದರೆ ಬ್ಯಾಕ್‌ಸ್ಲ್ಯಾಶ್! ಸಿ ಭಾಷೆಯ ಒಂದು ಪುಟ್ಟ ಪ್ರೋಗ್ರಾಮ್‌ನಲ್ಲಿ ಈ ಅಕ್ಷರವನ್ನು ಮುಗಿಸುವ ಉದ್ಧರಣ ಚಿಹ್ನೆಗೆ ಅಂಟಿಕೊಂಡ ಹಾಗೆ ಮುಂಚೆ ಇಟ್ಟು ಕಂಪೈಲ್ ಮಾಡಿದೆ. ಕಂಪೈಲರ್ ಅದನ್ನು ಬ್ಯಾಕ್‌ಸ್ಲ್ಯಾಶ್ ಅಂತಲೇ ಓದಿ ಮುಂದಿನ ಉದ್ಧರಣ ಚಿಹ್ನೆಯನ್ನು ನುಂಗಿತು, ಸ್ಟ್ರಿಂಗ್ ಮುಗಿದೇ ಇಲ್ಲ ಅಂತ ದೂರಿತು. ಕಾಟಕಾನಾ 'ಪೊ' ಅಕ್ಷರದ ಎರಡನೇ ಬೈಟ್ 7ಸಿ, ಅಂದರೆ ಪೈಪ್ ಗೆರೆ, ಹಾಗಾಗಿ ಕಾಲಂಗಳನ್ನು ಪೈಪ್‌ನಿಂದ ಬೇರೆ ಮಾಡಿದ್ದ ನನ್ನ ಪಟ್ಟಿ ಆ ಅಕ್ಷರದ ನಡುವೆಯೇ ಸೀಳಿತು. ಫೈಲ್ ಒಂದಿಷ್ಟೂ ಕೆಟ್ಟಿರಲಿಲ್ಲ, ಅದೇ ಬೇಜಾರು.

ಯುನಿಕ್ಸ್ ಕಡೆ ಜಾಸ್ತಿ ಬಳಕೆಯಲ್ಲಿದ್ದ ಇಯುಸಿ-ಜೆಪಿಗೆ ಈ ಕಾಟ ಇಲ್ಲ. ಜಪಾನಿ ಅಕ್ಷರದ ಎಲ್ಲ ಬೈಟ್‌ಗಳೂ ಆಸ್ಕಿಯ ಆಚೆಗೇ ಇರುತ್ತವೆ. ಆದರೆ ಮೊದಲ ಬೈಟ್ ಯಾವುದು, ಎರಡನೆಯದು ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗುವುದಿಲ್ಲ. ಹಿರಗಾನಾದ 'ಅ ಇ ಉ' ಬರೆದು ಮೊದಲ ಬೈಟ್ ತೆಗೆದೆ. 'ಅ' ಇದ್ದ ಜಾಗದಲ್ಲಿ ಒಂದು ತ್ರಿಕೋನ ಬಂತು! ಇಂಥ ಜೋಡಿ ತಪ್ಪಿದರೆ ಮುಂದೊಂದು ಆಸ್ಕಿ ಅಕ್ಷರ ಸಿಗುವವರೆಗೂ ಸರಿಹೋಗುವ ಭರವಸೆ ಇಲ್ಲ.

ಐಎಸ್‌ಒ-2022-ಜೆಪಿ ಇಮೇಲ್‌ಗಾಗಿ ಬಳಸಿದ್ದು, 1993ರ ಆರ್‌ಎಫ್‌ಸಿ 1468 ಅನ್ನುವ ಇಂಟರ್ನೆಟ್ ದಾಖಲೆಯಲ್ಲಿ ಅದರ ವಿವರ ಇದೆ. ಬರೀ 7 ಬಿಟ್. ಎಸ್ಕೇಪ್ ಸಂಕೇತ ಬಂದರೆ ಜಪಾನಿ ಶುರು, ಇನ್ನೊಂದು ಬಂದರೆ ಆಸ್ಕಿಗೆ ವಾಪಸ್. ಆ ಎಸ್ಕೇಪ್ ಬೈಟ್ ಒಂದನ್ನು ತೆಗೆದರೆ ಹಿರಗಾನಾ ಸಾಲೆಲ್ಲ ಡಾಲರ್ ಚಿಹ್ನೆಗಳ ಸಾಲಾಗುತ್ತದೆ. ಹಳೆಯ ಮೇಲ್ ತೆರೆಯುವುದಕ್ಕೆ ಬಿಟ್ಟರೆ ಇವತ್ತು ಇದು ಬೇಡ.

ಯುಟಿಎಫ್-8ರಲ್ಲಿ ಹಿರಗಾನಾ 'ಅ' ಅಂದರೆ ಇ3 81 82. ನಡುವಿನ 81 ತೆಗೆದೆ. ಆ ಒಂದು ಅಕ್ಷರ ಹೋಯಿತು, ಪಕ್ಕದ 'ಇ' ಹಾಗೇ ಇದೆ. ಅಕ್ಷರ ಶುರುವಾಗುವ ಬೈಟೇ ಬೇರೆ, ಮುಂದುವರಿಯುವ ಬೈಟೇ ಬೇರೆ, ಹಾಗಾಗಿ ಓದುವ ಪ್ರೋಗ್ರಾಮ್ ತಕ್ಷಣ ದಾರಿಗೆ ಬರುತ್ತದೆ. ಜಪಾನಿ ಅಕ್ಷರಕ್ಕೆ ಎರಡರ ಬದಲು ಮೂರು ಬೈಟ್ ಖರ್ಚು, ನಿಜ. ನಮ್ಮ ಕನ್ನಡದ ಅ, ಕ ಥರದ ಬಿಡಿ ಅಕ್ಷರಕ್ಕೂ ಅಷ್ಟೇ. ಆದರೆ ಕನ್ನಡದ ಅರ್ಥವನ್ನೂ ಅದೇ ಫೈಲ್‌ನಲ್ಲಿ ಇಡಬೇಕಂದರೆ ಈ ನಾಲ್ಕರಲ್ಲಿ ಇದೊಂದೇ ಆಗುತ್ತದೆ, ಉಳಿದ ಮೂರರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ.

ಇದರಲ್ಲೂ ಒಂದು ಕೊರತೆ ನನ್ನನ್ನು ಚುಚ್ಚುತ್ತದೆ. ಯುಟಿಎಫ್-8ರ ಹಿಂದಿರುವ ಯುನಿಕೋಡ್ ಅನ್ನುವ ಅಕ್ಷರಪಟ್ಟಿ ಚೀನಾ ಮತ್ತು ಜಪಾನಿನ ಎಷ್ಟೋ ಅಕ್ಷರಗಳಿಗೆ ಒಂದೇ ಸಂಖ್ಯೆ ಕೊಟ್ಟಿದೆ. 'ನೇರ' ಅನ್ನುವ ಅರ್ಥದ ಕಾಂಜಿಯನ್ನು (ಸಂಖ್ಯೆ 76ಎಫ್4) ಎರಡೂ ಕಡೆ ಬರೆಯುವ ರೂಪ ಬೇರೆ, ಫಾಂಟ್ ಚೀನಾದ್ದಾದರೆ ಕಲಿಯುವವರ ಕಣ್ಣಿಗೆ ಬೀಳುವುದೂ ಚೀನಾದ ರೂಪವೇ. ವೆಬ್ ಪುಟ ಮಾಡುವವರು ಪಠ್ಯದ ಭಾಷೆ ಜಪಾನಿ ಅಂತ ದಯವಿಟ್ಟು ಗುರುತು ಹಾಕಿ.

ಹೊಸದಾಗಿ ಬರೆಯುವುದೆಲ್ಲ ಯುಟಿಎಫ್-8ರಲ್ಲೇ ಇರಲಿ. ಆದರೆ ಹಕ್ಕುಸ್ವಾಮ್ಯ ಮುಗಿದ ಜಪಾನಿ ಕೃತಿಗಳನ್ನು ಉಚಿತವಾಗಿ ಕೊಡುವ ಆಓಜೊರಾ ಬುಂಕೊದ ಪಠ್ಯ ಫೈಲ್‌ಗಳು ಇವತ್ತಿಗೂ ಶಿಫ್ಟ್-ಜಿಸ್‌ನಲ್ಲಿ ಸಿಗುತ್ತವೆ, ಹಾಗಾಗಿ ಅದನ್ನು ಪೂರ್ತಿ ಮರೆಯುವ ಹಾಗಿಲ್ಲ. ವಿಂಡೋಸ್‌ನಲ್ಲಿ ತಯಾರಾದ ಹಳೆಯ ಫೈಲ್ ಆದರೆ ಪೈಥಾನ್‌ನಲ್ಲಿ ಸುಮ್ನೆ ಶಿಫ್ಟ್-ಜಿಸ್ ಅನ್ನಬೇಡಿ, ಸಿಪಿ932 (ವಿಂಡೋಸ್ ಬಳಸುವ ಶಿಫ್ಟ್-ಜಿಸ್ ರೂಪ) ಅಂತ ಕೊಡಿ. ವೃತ್ತದೊಳಗಿನ 1, 2 ಅಂಕಿಗಳು ಸಿಪಿ932ರಲ್ಲಿ ಇವೆ, ಬರೀ ಶಿಫ್ಟ್-ಜಿಸ್‌ನಲ್ಲಿ ಇಲ್ಲ.