ಚಿಪ್ಪು ಸುಣ್ಣ: ಅಡಿಕೆ ತೋಟದಲ್ಲಿ ಬಹುಕಾಲ ಬಳಸಿದ ಮೇಲೆ (5ಕ್ಕೆ 4 ಅಂಕ)

ಪೆರ್ಲ ಕಡೆಯ ನಮ್ಮ ತೋಟಕ್ಕೆ ಅಪ್ಪನ ಕಾಲದಿಂದಲೂ ಮರುವಾಯಿ (ಕಪ್ಪೆಚಿಪ್ಪು) ಸುಟ್ಟ ಸುಣ್ಣವೇ ಬರುತ್ತಿದೆ.

ಕೊಳೆರೋಗದ ಮದ್ದಿಗೆ ಇದಕ್ಕೆ ಸಾಟಿಯಿಲ್ಲ. ಆ ಮದ್ದೇ ಬೋರ್ಡೋ ಮಿಶ್ರಣ: 100 ಲೀಟರ್ ನೀರು, 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಒಳ್ಳೆಯ ಚಿಪ್ಪು ಸುಣ್ಣ ನೀರು ಸೋಕಿದ ಕೂಡಲೇ ಕೊತಕೊತ ಕುದಿದು ಅರಳುತ್ತದೆ. ಕಸ ಕಡಿಮೆ, ನಾಜಲ್ ಕಟ್ಟುವುದಿಲ್ಲ. ಮಿಶ್ರಣಕ್ಕೆ ಕತ್ತಿ ಅದ್ದಿದರೆ ತಾಮ್ರದ ಕೆಂಪು ಹಿಡಿಯುವುದಿಲ್ಲ, ಅಂದರೆ ಸುಣ್ಣ ಸಾಕಾಗಿದೆ. ಪ್ಯಾಕೆಟಿನ ಹಿಟ್ಟು ಸುಣ್ಣದಲ್ಲಿ ನನಗೆ ಈ ಭರವಸೆ ಇಲ್ಲ, ಒಂದೊಂದು ಚೀಲ ಒಂದೊಂದು ಥರ.

ಕುಂದು ಒಂದೇ, ಇಟ್ಟರೆ ಕೆಡುತ್ತದೆ. ಮಳೆಗಾಲದ ತೇವಕ್ಕೆ ಅರಳಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಮತ್ತೆ ಚಿಪ್ಪಿನ ದ್ರವ್ಯವೇ ಆಗಿಬಿಡುತ್ತದೆ. ಆಟಿಯಲ್ಲಿ (ತುಳುವರ ಆಷಾಢ) ಎರಡನೇ ಮದ್ದಿಗೆ ಬೇಕಿದ್ದರೆ ಗಾಳಿಯಾಡದ ಡ್ರಮ್ ಬೇಕೇ ಬೇಕು.

ಇನ್ನು ಮರದ ಬುಡಕ್ಕೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಹುಳಿ, ಅದನ್ನು ತಗ್ಗಿಸಲು ಸುಣ್ಣ ಬೇಕು. ವರ್ಷಕ್ಕೆ ಸುಮಾರು 3500 ಮಿ.ಮೀ. ಸುರಿಯುವ ಮಳೆ ಗಾಳಿಯ, ಮಣ್ಣಿನ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ತೆಳು ಆಮ್ಲವಾಗುತ್ತದೆ. ಅದು ಲಕ್ಷಾಂತರ ವರ್ಷ ಬಂಡೆಯನ್ನು ತಿಂದು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾ ಎಲ್ಲವನ್ನೂ ಹೊಳೆಗೆ ಬಿಟ್ಟಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಗೋಡೆ ಕಟ್ಟಲು ಸೊಗಸು, ಅಡಿಕೆಗೆ ಸಾಲದು. ಹೊಳೆ ಒಯ್ದ ಕ್ಯಾಲ್ಸಿಯಂ ಅಳಿವೆಯಲ್ಲಿ, ಕಡಲಿನಲ್ಲಿ ಚಿಪ್ಪಾಗುತ್ತದೆ, ಇಂಗಾಲವನ್ನೂ ಕಟ್ಟಿಹಾಕುತ್ತದೆ. ಚಿಪ್ಪು ಸುಣ್ಣದಕಲ್ಲಾಗಿ, ಭೂಫಲಕದ ಜೊತೆ ಆಳಕ್ಕೆ ಜಾರಿದರೆ ಆ ಇಂಗಾಲ ಜ್ವಾಲಾಮುಖಿಯ ಬಾಯಿಂದ ಮತ್ತೆ ಗಾಳಿಗೆ. ಭೂಮಿ ಬಿಸಿಯಾದರೆ ಬಂಡೆ ಬೇಗ ಕರಗಿ ಗಾಳಿಯ ಇಂಗಾಲ ಇಳಿಯುತ್ತದೆ. ತಂಪಾದರೆ ಕರಗುವುದು ನಿಧಾನ, ಇಂಗಾಲ ಏರುತ್ತದೆ. ನಾವು ಬದುಕುವಷ್ಟು ಹದ ಉಳಿದಿರುವುದು ಈ ಸುತ್ತಿನಿಂದ. ಶುಕ್ರ ಗ್ರಹದ ನೆಲಕ್ಕೆ ಮಳೆಯೂ ಇಲ್ಲ, ಕಡಲೂ ಇಲ್ಲ. ಇಂಗಾಲ ಗಾಳಿಯಲ್ಲೇ ಉಳಿದು ನೆಲ ಸುಮಾರು 460 ಡಿಗ್ರಿ ಕಾದಿದೆ.

ಸುಣ್ಣದ ಭಟ್ಟಿ ಮಾಡುವುದು ಜ್ವಾಲಾಮುಖಿಯ ಕೆಲಸವನ್ನೇ, ಆದರೆ ವಿಪರೀತ ಅವಸರದಲ್ಲಿ. 100 ಕಿಲೋ ಶುದ್ಧ ಚಿಪ್ಪು ಸುಟ್ಟರೆ ಸುಣ್ಣ 56 ಕಿಲೋ, ಗಾಳಿಗೆ ಹೋಗುವ ಇಂಗಾಲದ ಡೈಆಕ್ಸೈಡ್ 44 ಕಿಲೋ. ಉರುವಲಿನ ಹೊಗೆ ಬೇರೆ. ಅದಕ್ಕೇ ಬುಡಕ್ಕೆ ಈಗ ಸುಡದ ಡಾಲಮೈಟ್ (ಮೆಗ್ನೀಸಿಯಂ ಇರುವ ಸುಣ್ಣದಕಲ್ಲು) ಪುಡಿ ತರಿಸುತ್ತೇನೆ. ಹುಳಿ ಮಣ್ಣಿನಲ್ಲಿ ಅದೂ ಒಂದಷ್ಟು ಇಂಗಾಲ ಬಿಡುತ್ತದೆ, ನಿಜ. ಭಟ್ಟಿಯ ಉರುವಲಂತೂ ಉಳಿಯಿತು, ಮಳೆ ತೊಳೆದೊಯ್ದ ಮೆಗ್ನೀಸಿಯಂ ಕೂಡ ಮರಕ್ಕೆ ಸಿಗುತ್ತದೆ.

ಸುಟ್ಟ ಚಿಪ್ಪು ಮದ್ದಿಗೆ ಮತ್ತು ಅಮ್ಮನ ಎಲೆತಟ್ಟೆಗೆ ಮಾತ್ರ. ಕೊಳ್ಳುವಾಗ ಒಂದು ತುಂಡು ನೀರಿಗೆ ಹಾಕಿ ನೋಡಿ. ಕುದಿಯದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.