ವಾರಾಂತ್ಯದಲ್ಲಿ ನೋಡಿದ ಮೂರು ಹಳೆಯ ಚಿತ್ರಗಳು

‘ಟ್ವೆಲ್ವ್ ಆಂಗ್ರಿ ಮೆನ್’ ಚಿತ್ರದಲ್ಲಿ, ಕೊಲೆ ಮೊಕದ್ದಮೆಯೊಂದರ ತೀರ್ಪು ಹೇಳಲು ಕುಳಿತ ಹನ್ನೆರಡು ಜನರ ಜ್ಯೂರಿಯ ನಾಲ್ಕನೆಯ ಸದಸ್ಯನಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಈಚೆಗೆ ನೀವು ನೋಡಿದ ಸಿನಿಮಾ ಯಾವುದು, ಅದರಲ್ಲಿ ನಟಿಸಿದವರು ಯಾರು? ತನಗೆ ಬೆವರುವುದೇ ಗೊತ್ತಿಲ್ಲ ಎಂದಿದ್ದ ಮನುಷ್ಯ ಆತ. ಹೆಸರು ತಪ್ಪು ಹೇಳುತ್ತಾನೆ, ತಡವರಿಸುತ್ತಾನೆ, ಮೊದಲ ಸಲ ಹಣೆ ಒರೆಸಿಕೊಳ್ಳುತ್ತಾನೆ. ಶುಕ್ರವಾರ ರಾತ್ರಿ ಆ ಬೆವರನ್ನು ಪರದೆಯ ಮೇಲೆ ನೋಡಿದ ಮೇಲೆ, ನೋಡಿದ್ದನ್ನು ಮರೆಯುವ ಮೊದಲೇ ಬರೆದಿಡಬೇಕು ಅನ್ನಿಸಿತು. ಆದ್ದರಿಂದ ಭಾನುವಾರ ರಾತ್ರಿಯೇ ಕುಳಿತಿದ್ದೇನೆ.

ಮೂರು ದಿನ, ಮೂರು ಹಳೆಯ ಚಿತ್ರಗಳು. ಮೂರನ್ನೂ ಮೊದಲೇ ನೋಡಿದ್ದೆ, ಆದರೆ ಟಿವಿಯಲ್ಲಿ, ಲ್ಯಾಪ್‌ಟಾಪಿನಲ್ಲಿ. ದೊಡ್ಡ ಪರದೆ ದೊಡ್ಡ ದೃಶ್ಯಗಳಿಗಷ್ಟೇ ಬೇಕು ಎಂದುಕೊಂಡಿದ್ದೆ. ಈ ಮೂರು ದಿನಗಳಲ್ಲಿ ನನಗೆ ಸಿಕ್ಕಿದ್ದು ತೀರಾ ಸಣ್ಣ ಸಂಗತಿಗಳು, ಮನೆಯಲ್ಲಿ ನೋಡಿದಾಗಲೆಲ್ಲ ಕಣ್ಣು ತಪ್ಪಿಸಿಕೊಂಡವು.

ಶುಕ್ರವಾರ ನೋಡಿದ ‘ಟ್ವೆಲ್ವ್ ಆಂಗ್ರಿ ಮೆನ್’ ಸಿಡ್ನಿ ಲ್ಯೂಮೆಟ್ ಅವರ 1957ರ ಚಿತ್ರ, 96 ನಿಮಿಷಗಳದ್ದು, ಬಹುಪಾಲು ಒಂದೇ ಕೋಣೆಯಲ್ಲಿ ನಡೆಯುತ್ತದೆ. ಮೊದಲ ಭಾಗದಲ್ಲಿ ಕ್ಯಾಮೆರಾ ಪಾತ್ರಗಳ ಕಣ್ಣಿಗಿಂತ ಮೇಲಿರುತ್ತದೆ, ನಡುವೆ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಕೊನೆಗೆ ಅದಕ್ಕಿಂತ ಕೆಳಕ್ಕೆ. ಇದನ್ನು ಓದಿ ತಿಳಿದಿದ್ದೆ. ಆದರೆ ಚಾವಣಿ ನಿಧಾನವಾಗಿ ಚೌಕಟ್ಟಿನೊಳಗೆ ಬಂದು ತಲೆಯ ಮೇಲೆ ಕುಳಿತಂತಾದದ್ದು ಈ ಸಲವೇ. ಮೂರನೆಯ ಸದಸ್ಯ ಮಗನ ಫೋಟೊ ಹರಿಯುವ ಘಟ್ಟ ನನಗೆ ಈಗಲೂ ನಾಟಕೀಯವಾಗಿಯೇ ಕಂಡಿತು. ಉಳಿದಂತೆ ಒಂದು ನಿಮಿಷವೂ ಸಡಿಲವಿಲ್ಲ.

ಶನಿವಾರ ‘ಸೆವೆನ್ ಸಮುರಾಯ್’. ಅಕಿರ ಕುರೊಸಾವಾ, 1954, 207 ನಿಮಿಷ. ಇದರ ಬಗ್ಗೆ ಮಾತಾಡುವವರೆಲ್ಲ ಕೊನೆಯ ಮಳೆಯ ಕಾಳಗವನ್ನೇ ಹೇಳುತ್ತಾರೆ. ಅದು ನಿಜಕ್ಕೂ ಮೈ ನಡುಗಿಸುತ್ತದೆ: ಮಳೆ, ಕೆಸರು, ಕುದುರೆಗಳ ಗೊರಸು, ಕೂಗಾಟ. ಆದರೆ ಇಡೀ ಕಥೆ ನಿಂತಿರುವುದು ಅನ್ನದ ಮೇಲೆ. ಡಕಾಯಿತರ ಕಾಟಕ್ಕೆ ಸಿಕ್ಕ ರೈತರು ಸಮುರಾಯ್‌ಗಳಿಗೆ ಸಂಬಳ ಕೊಡಲಾರರು, ಕೊಡಬಲ್ಲದ್ದು ಊಟವನ್ನು ಮಾತ್ರ. ನಿಮಗೆ ಅಕ್ಕಿ ಬೇಯಿಸಿ ಹಾಕಿ ಅವರು ತಿನ್ನುತ್ತಿರುವುದು ಸಿರಿಧಾನ್ಯ ಎಂದು ಒಬ್ಬ ಕೂಲಿಯವನು ಸಮುರಾಯ್ ನಾಯಕ ಕಾಂಬೆಗೆ ಚುಚ್ಚಿ ಹೇಳುತ್ತಾನೆ. ಕಾಂಬೆ ಆ ಬಟ್ಟಲನ್ನು ಕೈಗೆತ್ತಿಕೊಂಡು, ಈ ಅನ್ನವನ್ನು ದಂಡ ಮಾಡುವುದಿಲ್ಲ ಎನ್ನುತ್ತಾನೆ. ಅಷ್ಟೇ ಒಪ್ಪಂದ. ಕಾಂಬೆಯ ಪಾತ್ರದ ತಕಾಶಿ ಶಿಮುರಾ ಆ ಮಾತನ್ನು ದನಿ ಏರಿಸದೆ ಹೇಳುತ್ತಾರೆ.

ಮುಂದೆ ಆ ಅಕ್ಕಿಯನ್ನು ಯಾರೋ ಕದಿಯುತ್ತಾರೆ. ಕಾವಲಿಗಿದ್ದ ರೈತ ಯೊಹೆಯ್ ನೆಲದ ಮೇಲೆ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಹೆಕ್ಕುತ್ತಾನೆ. ಲ್ಯಾಪ್‌ಟಾಪಿನಲ್ಲಿ ನನಗೆ ಕಂಡಿದ್ದು ಅಳುತ್ತಿರುವ ಒಬ್ಬ ಮುದುಕ. ಶನಿವಾರ ಕಂಡಿದ್ದು ಕಾಳುಗಳು. ಹಲಗೆಯ ಮೇಲೆ ಬಿಡಿಬಿಡಿಯಾಗಿ ಬಿದ್ದ ಬಿಳಿ ಕಾಳುಗಳು, ಅವುಗಳ ಕಡೆಗೆ ಚಾಚಿದ ಬೆರಳು. ಎರಡು ಗಂಟೆಗಳ ನಂತರ ಯುದ್ಧ ನಡೆಯುವಾಗಲೂ ನನ್ನ ಕಣ್ಣಿನಲ್ಲಿ ಆ ಕಾಳುಗಳೇ ಇದ್ದವು.

ಡಕಾಯಿತರ ಬಳಿ ಇರುವುದು ಮೂರೇ ಬಂದೂಕು. ಆದರೂ ಸಾಯುವ ಸಮುರಾಯ್‌ಗಳೆಲ್ಲ ಗುಂಡಿಗೇ ಸಾಯುತ್ತಾರೆ, ಕತ್ತಿಗೆ ಒಬ್ಬರೂ ಅಲ್ಲ. ಕತ್ತಿವರಸೆಯಲ್ಲಿ ಸಾಟಿಯಿಲ್ಲದ ಕ್ಯೂಜೊ ಮಳೆಯಲ್ಲಿ ಹಾಗೆ ಬಿದ್ದಾಗ ನನ್ನ ಹಿಂದಿನ ಸಾಲಿನಲ್ಲಿ ಯಾರೋ ‘ಅಯ್ಯೋ’ ಎಂದರು. ಕಿರಿಯ ಸಮುರಾಯ್ ಮತ್ತು ಹಳ್ಳಿಯ ಹುಡುಗಿಯ ಪ್ರೇಮ ಮಾತ್ರ ಮೊದಲಿನಂತೆ ಈಗಲೂ ನನಗೆ ಎಳೆದಂತೆ ಅನ್ನಿಸಿತು.

ಇನ್ನು ಚಿತ್ರಮಂದಿರದವರ ಮೇಲಿನ ದೂರು. ಈ ಚಿತ್ರಕ್ಕೆ ಅದರದೇ ಆದ ಮಧ್ಯಂತರವಿದೆ. ಸಾಲು ಬಿಟ್ಟು ಹೊರಟ ರೈತರನ್ನು ಕಾಂಬೆ ಕತ್ತಿ ಹಿರಿದು ಅಟ್ಟಿಸಿಕೊಂಡು ಬಂದು ಮತ್ತೆ ಸಾಲಿಗೆ ನಿಲ್ಲಿಸಿ ಗದರಿಸಿದ ಮೇಲೆ ಅದು ಬರುತ್ತದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ಇವರಿಗಿರಲಿಲ್ಲ. ರೈತನ ಮಗನಾಗಿ ಹುಟ್ಟಿ ಸಮುರಾಯ್ ಗುಂಪು ಸೇರಿದ ಕಿಕುಚಿಯೊ ರೈತರ ಪರವಾಗಿಯೂ ಅವರ ವಿರುದ್ಧವಾಗಿಯೂ ಒಂದೇ ಉಸಿರಿನಲ್ಲಿ ಸಿಡಿದು, ಅದನ್ನು ಕೇಳಿದ ಕಾಂಬೆಯ ಕಣ್ಣು ತುಂಬಿ ಬಂದಿತ್ತು. ಕಿಕುಚಿಯೊ ಆಗಿದ್ದ ತೊಶಿರೊ ಮಿಫುನೆಯ ಮುಖವಿನ್ನೂ ಪರದೆಯ ಮೇಲಿತ್ತು. ಅಷ್ಟರಲ್ಲಿ ದೀಪ ಹತ್ತಿತು, ಜಾಹೀರಾತು ಶುರುವಾಯಿತು. ನನಗೆ ಸಂಕಟವಾಯಿತು. ಸ್ವಲ್ಪ ಹೊತ್ತಿನ ನಂತರ ಚಿತ್ರದ ನಿಜವಾದ ಮಧ್ಯಂತರ ಬಂದಾಗ ಅದನ್ನು ಓಡಿಸಿಬಿಟ್ಟರು. ಹೊರಬರುವಾಗ ವ್ಯವಸ್ಥಾಪಕರನ್ನು ಹುಡುಕಿ ಇದನ್ನು ವಿವರಿಸಿದೆ. ಅವರು ಬರೆದುಕೊಂಡರು. ಧ್ವನಿ ಮತ್ತು ಬೆಳಕಿನ ಬಗ್ಗೆ ನನ್ನ ತಕರಾರಿಲ್ಲ, ಎರಡೂ ಚೆನ್ನಾಗಿದ್ದವು.

ಭಾನುವಾರ ಅಮ್ಮನನ್ನು ಕರೆದುಕೊಂಡು ‘ಪಥೇರ್ ಪಾಂಚಾಲಿ’ಗೆ ಹೋದೆ. ಅವಳಿಗೆ ಬಂಗಾಳಿ ಬಾರದು, ಇಂಗ್ಲಿಷ್ ಅಡಿಬರಹಗಳನ್ನು ಓದಲಾಗದು. ಪಿಸುಮಾತಿನಲ್ಲಿ ಹೇಳುತ್ತ ಹೋಗೋಣ ಎಂದುಕೊಂಡಿದ್ದೆ. ಹತ್ತು ನಿಮಿಷ ಕಳೆಯುವುದರೊಳಗೆ ನನ್ನ ಮುಂಗೈ ಹಿಡಿದು ಸುಮ್ಮನಿರಿಸಿದಳು.

ಸತ್ಯಜಿತ್ ರೇ ಅವರ ಮೊದಲ ಚಿತ್ರ, 1955ರದು. ಛಾಯಾಗ್ರಾಹಕ ಸುಬ್ರತ ಮಿತ್ರ ಕೆಲಸ ಶುರು ಮಾಡಿದಾಗ ಅವರಿಗೆ 21 ವರ್ಷ. ಇದರ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಬೆಂಕಿಯಲ್ಲಿ ಸುಟ್ಟಿತ್ತು. ಕಮರಿ ಸೆಟೆದುಕೊಂಡಿದ್ದ ಸುರುಳಿಗಳನ್ನು ಇಟಲಿಯ ಬೊಲೋನ್ಯಾದಲ್ಲಿ ಮೆದುಗೊಳಿಸಿ, ಅಂಚುಗಳನ್ನು ಕೈಯಿಂದಲೇ ದುರಸ್ತಿ ಮಾಡಿ, ಉಳಿಯದ ಭಾಗಗಳನ್ನು ಬೇರೆ ಪ್ರತಿಗಳಿಂದ ತುಂಬಿದರು. ಹೊಸ ಪ್ರತಿ 2015ರಲ್ಲಿ ತೆರೆ ಕಂಡಿತು. ಭಾನುವಾರ ಅಲ್ಲಲ್ಲಿ ಚಿತ್ರ ತುಸು ಮಸುಕಾಯಿತು. ಆ ಜಾಗಗಳಲ್ಲಿ ನನಗೆ ಬೇಸರವಾಗಲಿಲ್ಲ, ಅಷ್ಟನ್ನಾದರೂ ಉಳಿಸಿಕೊಟ್ಟವರ ಮೇಲೆ ಪ್ರೀತಿ ಬಂತು.

ಹಳ್ಳಿಯ ಬಡ ಮನೆಯ ಹುಡುಗ ಅಪು ಮತ್ತು ಅವನ ಅಕ್ಕ ದುರ್ಗಾ ರೈಲು ನೋಡಲು ಓಡುವ ದೃಶ್ಯಕ್ಕೆ ಕಾದಿದ್ದೆ. ರೈಲು ಬಂತು, ಹೋಯಿತು. ಅದಕ್ಕಿಂತ ಹೆಚ್ಚಾಗಿ ಒಳಗಿಳಿದದ್ದು ತಂತಿ ಕಂಬದ ಗುಂಯ್‌ಗುಡುವಿಕೆ. ದುರ್ಗಾ ಕಂಬಕ್ಕೆ ಕಿವಿಯಿಡುತ್ತಾಳೆ, ಆ ಸದ್ದು ನಾಲ್ಕೂ ಗೋಡೆಗಳಿಂದ ಬಂದು ನಮ್ಮನ್ನು ಸುತ್ತಿಕೊಳ್ಳುತ್ತದೆ. ಮನೆಯಲ್ಲಿ ಫ್ಯಾನಿನ ಸದ್ದಿನಲ್ಲಿ ಅದು ನನಗೆ ಕೇಳಿಸಿರಲೇ ಇಲ್ಲ.

ಆ ಮನೆಯ ಮುದುಕಿ ಇಂದಿರ್ ಠಾಕ್ರುಣ್ ಆಗಿ ಚುನಿಬಾಲಾ ದೇವಿಯವರದು ನಟನೆ ಎಂದು ಒಪ್ಪಲು ಅಮ್ಮ ಕೊನೆಗೂ ಸಿದ್ಧಳಿರಲಿಲ್ಲ.

ಮಕ್ಕಳ ತಂದೆ ಹರಿಹರ ಊರಿಗೆ ಮರಳಿ, ದುರ್ಗಾ ತೀರಿಕೊಂಡಿದ್ದು ತಿಳಿಯದೆ, ಅವಳಿಗೆಂದು ತಂದ ಸೀರೆಯನ್ನು ತಾಯಿ ಸರ್ಬಜಯಾಳ ಕೈಗೆ ಕೊಡುವ ದೃಶ್ಯ ಬಂದಾಗ ಸಭಾಂಗಣದಲ್ಲಿ ಒಂದು ಕೆಮ್ಮೂ ಇರಲಿಲ್ಲ. ಸರ್ಬಜಯಾ ಸೀರೆಯನ್ನು ಕಚ್ಚಿ ಕುಸಿಯುತ್ತಾಳೆ. ಅವಳ ಅಳುವಿನ ಜಾಗದಲ್ಲಿ ಕೇಳುವುದು ತಾರ್ ಶಹನಾಯಿ ಎಂಬ ತಂತಿವಾದ್ಯ. ಅಮ್ಮ ನನ್ನ ಕೈ ಬಿಟ್ಟು ತನ್ನ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕೊನೆಯಲ್ಲಿ ಅಪುವಿಗೆ ಅಕ್ಕ ಕದ್ದಿದ್ದ ಸರ ಸಿಗುತ್ತದೆ. ಅದನ್ನು ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಬಿರಿಯುತ್ತದೆ, ಕಪ್ಪು ನೀರು ಕಾಣುತ್ತದೆ, ಪಾಚಿ ಮತ್ತೆ ನಿಧಾನವಾಗಿ ಕೂಡಿಕೊಳ್ಳುತ್ತದೆ. ಅದು ಪೂರ್ತಿ ಮುಚ್ಚುವುದನ್ನೇ ನೋಡುತ್ತ ಕುಳಿತಿದ್ದೆವು.

ಮನೆಗೆ ಬಂದ ಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: ‘ಆ ಹುಡುಗ ಮುಂದೇನಾದ?’ ಕಥೆ ‘ಅಪರಾಜಿತೋ’ದಲ್ಲಿ ಮುಂದುವರಿಯುತ್ತದೆ ಎಂದೆ. ಅದನ್ನೂ ಚಿತ್ರಮಂದಿರದಲ್ಲಿ ಹಾಕುವಾಗ ಹೇಳು, ಟಿವಿಯಲ್ಲಿ ಬೇಡ ಎಂದಳು.