ಕೇಂಬ್ರಿಡ್ಜಿನ ಹಳೇ ಪಬ್ಬುಗಳು: ಈಗಲ್ಲೋ, ಫ್ರೀ ಪ್ರೆಸ್ಸೋ, ನ್ಯೂಟನ್ ಹಳ್ಳಿಯದೋ?

ಊರಿಂದ ಯಾರೇ ಕೇಂಬ್ರಿಡ್ಜಿಗೆ ಬರಲಿ, ಮೊದಲು ಕೇಳುವುದು ಇದನ್ನೇ: ಆ ಡಿಎನ್‌ಎ ಪಬ್ಬು ಎಲ್ಲಿದೆ? ಬೆನೆಟ್ ಸ್ಟ್ರೀಟಿನ ಈಗಲ್ ಅದು. ಹಾಗಾಗಿ ನಾನು ಅಲ್ಲಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಮುಕ್ಕಾಲು ಪಾಲು ನೆಂಟರಿಗೋಸ್ಕರ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಡಿಎನ್‌ಎ ರಚನೆ ಕಂಡುಹಿಡಿದ ವಿಜ್ಞಾನಿಗಳಾದ ಕ್ರಿಕ್ ಮತ್ತು ವಾಟ್ಸನ್ ಕೆಲಸ ಮಾಡುತ್ತಿದ್ದ ಕ್ಯಾವೆಂಡಿಶ್ ಲ್ಯಾಬ್ ಪಕ್ಕದ ಗಲ್ಲಿಯಲ್ಲಿತ್ತು. 1953ರ ಫೆಬ್ರವರಿ 28ರಂದು ಮಧ್ಯಾಹ್ನ ಊಟಕ್ಕೆ ಬಂದ ಕ್ರಿಕ್, ಜೀವದ ಗುಟ್ಟು ಸಿಕ್ಕಿತು ಅಂತ ಎಲ್ಲರಿಗೂ ಕೇಳುವಂತೆ ಹೇಳಿದರಂತೆ. ಇದು ವಾಟ್ಸನ್ ಹೇಳಿದ್ದು. ಕ್ರಿಕ್‌ಗೆ ಮಾತ್ರ ಹಾಗೆ ಹೇಳಿದ ನೆನಪೇ ಇರಲಿಲ್ಲ! ಗೋಡೆಯ ಫಲಕದ ಮುಂದೆ ಫೋಟೋಗೆ ಕ್ಯೂ ಇರುತ್ತದೆ. ನನ್ನನ್ನು ಕೇಳಿದರೆ ಫಲಕ ಬಿಡಿ, ನೇರ ಹಿಂದಿನ ಕೋಣೆಗೆ ಹೋಗಿ ಮೇಲೆ ನೋಡಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇಲ್ಲಿಗೆ ಬರುತ್ತಿದ್ದ ವಿಮಾನಪಡೆಯ ಹುಡುಗರು ಲೈಟರ್, ಮೇಣದಬತ್ತಿ, ಕೊನೆಗೆ ಲಿಪ್‌ಸ್ಟಿಕ್ಕಿನಲ್ಲೂ ತಮ್ಮ ಹೆಸರು, ಸ್ಕ್ವಾಡ್ರನ್ ನಂಬರು ಬರೆದ ಚಾವಣಿ ಅದು. ಕೆಲವು ಅಕ್ಷರ ಸೊಟ್ಟಗಿವೆ, ಕುರ್ಚಿಯ ಮೇಲೆ ಕುರ್ಚಿ ಇಟ್ಟು ಹತ್ತಿ ಬರೆದಿರಬೇಕು. ಅವರಲ್ಲಿ ಎಷ್ಟು ಜನ ವಾಪಸ್ ಬಂದರೋ.

ಆದರೆ ಶನಿವಾರ ಸಂಜೆ ಅಲ್ಲಿ ಕೂತು ನಾಲ್ಕು ಮಾತಾಡುತ್ತೇವೆ ಅಂದುಕೊಂಡರೆ ಕೆಟ್ಟಿರಿ. ಕೈಯಲ್ಲಿ ಗ್ಲಾಸ್ ಹಿಡಿದು ಎದ್ದು ಹೋಗುವವರು ಯಾರು ಅಂತ ಮೇಜು ಮೇಜು ನೋಡುತ್ತಾ ನಿಲ್ಲಬೇಕು, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾದಂತೆ.

ಮಾತಾಡಬೇಕು ಅಂದರೆ ಪ್ರಾಸ್ಪೆಕ್ಟ್ ರೋ ಅನ್ನೋ ಸಣ್ಣ ಬೀದಿಯ ಫ್ರೀ ಪ್ರೆಸ್ಸೇ ಸರಿ. ಈಗಲ್‌ನಿಂದ ಕಾಲು ಗಂಟೆಯೊಳಗೆ ನಡೆದು ಹೋಗಬಹುದು. ಕುಡಿತದ ವಿರುದ್ಧ ಹುಟ್ಟಿ, ಒಂದೇ ಸಂಚಿಕೆಗೆ ನಿಂತುಹೋದ ಪತ್ರಿಕೆಯ ಹೆಸರನ್ನು ಈ ಪಬ್ಬಿಗೆ ಇಟ್ಟರು ಅಂತಾರೆ. ಯಾರೋ ಬೇಕಂತಲೇ ಮಾಡಿದ ಕುಚೇಷ್ಟೆ, ಅಲ್ವಾ? ಒಳಗೆ ಸ್ನಗ್ ಅಂತ ಒಂದು ಪುಟ್ಟ ಕೋಣೆ ಇದೆ, ನಮ್ಮ ಹಳೇ ಮನೆಗಳ ದೇವರ ಕೋಣೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ನಾಲ್ಕು ಜನ ಕೂತರೆ ಐದನೆಯವರ ಮೊಣಕಾಲು ಯಾರಿಗಾದರೂ ತಾಗುತ್ತದೆ. ಮೊಬೈಲ್ ಬೇಡ ಅನ್ನೋ ನಿಯಮ ಇಟ್ಟುಕೊಂಡು ಹೆಸರು ಮಾಡಿದ ಜಾಗ ಇದು. ಒಬ್ಬರು ಬಾರಿಗೆ ಹೋಗಿ ಎಲ್ಲರಿಗೂ ಪಿಂಟ್ ತರುತ್ತಾರೆ, ಇನ್ನೊಬ್ಬರು ಚಿಪ್ಸ್ ಪ್ಯಾಕೆಟ್ಟನ್ನು ಉದ್ದಕ್ಕೆ ಸೀಳಿ ತಟ್ಟೆ ಥರ ಮೇಜಿನ ನಡುವೆ ಹರವುತ್ತಾರೆ, ಮಾತು ತಾನಾಗಿ ಶುರುವಾಗುತ್ತದೆ. ಬಾರಿಗೆ ಹೋಗಿ ಅಂದೆನಲ್ಲ, ಅದು ಗೊತ್ತಿಲ್ಲದೆ ಹೊಸದರಲ್ಲಿ ನಾನು ಒಂದು ಪಬ್ಬಿನಲ್ಲಿ ಇಪ್ಪತ್ತು ನಿಮಿಷ ಸುಮ್ನೆ ಕೂತಿದ್ದೆ, ವೇಟರ್ ಬರುತ್ತಾನೆ ಅಂತ.

ಬಿಯರ್ ವಿಷಯಕ್ಕೆ ಬಂದರೆ ಎರಡೂ ಕಡೆ ಗ್ರೀನ್ ಕಿಂಗ್ ಅನ್ನೋ ಬಿಯರ್ ಕಂಪನಿಯದೇ ಜೋರು, ಅದರಲ್ಲಿ ಹೆಚ್ಚು ಕಮ್ಮಿ ಇಲ್ಲ. ನೆಂಟರ ದೂರು ಮಾತ್ರ ಒಂದೇ: ಇದೇನು, ತಣ್ಣಗೇ ಇಲ್ವಲ್ಲ! ಪೀಪಾಯಿಯೊಳಗೇ ಇನ್ನೊಂದು ಸಲ ಹುದುಗುವ ಏಲ್ ಇದು. ಹೊರಗಿನಿಂದ ಗ್ಯಾಸ್ ತುಂಬುವುದಿಲ್ಲ, ನೆಲಮಾಳಿಗೆಯ 11ರಿಂದ 13 ಡಿಗ್ರಿಯಲ್ಲೇ ಕೊಡುತ್ತಾರೆ. ಇನ್ನೂ ತಣ್ಣಗಾದರೆ ರುಚಿಯೇ ಗೊತ್ತಾಗುವುದಿಲ್ಲ. ಮೂರನೇ ಗುಟುಕಿಗೆ ಒಗ್ಗುತ್ತದೆ. ಒಗ್ಗದವರಿಗೆ ತಣ್ಣಗೆ ಕೊಡುವ ಲಾಗರ್ ಬಿಯರ್ ಇದ್ದೇ ಇದೆ.

ಈಗ ನ್ಯೂಟನ್. ಕೇಂಬ್ರಿಡ್ಜಿನ ದಕ್ಷಿಣಕ್ಕಿರುವ ಪುಟ್ಟ ಹಳ್ಳಿ, ಅಲ್ಲಿಯ ಪಬ್ಬು ಕ್ವೀನ್ಸ್ ಹೆಡ್. ನಾನು ಹೋಗಿದ್ದು ಕೋವಿಡ್‌ಗೆ ಮುಂಚೆ. ಬಿಯರ್ ರಸಿಕರ ಕೈಪಿಡಿ ಗುಡ್ ಬಿಯರ್ ಗೈಡ್ ಶುರುವಾದಾಗಿನಿಂದ ಒಂದು ವರ್ಷವೂ ಬಿಡದೆ ಅದರಲ್ಲಿ ಹೆಸರು ಬಂದಿದ್ದ ಬೆರಳೆಣಿಕೆಯ ಪಬ್ಬುಗಳಲ್ಲಿ ಅದೂ ಒಂದು. ಪಂಪ್ ಗಿಂಪ್ ಏನೂ ಇಲ್ಲ, ಪೀಪಾಯಿಯ ನಲ್ಲಿ ತಿರುಗಿಸಿ ಆಡ್‌ನಮ್ಸ್ ಬಿಯರನ್ನು ನೇರ ಗ್ಲಾಸಿಗೇ ಹಿಡಿದು ಕೊಟ್ಟರು. ತಿನ್ನಲು ಏನಿದೆ ಅಂದರೆ ಸ್ಯಾಂಡ್‌ವಿಚ್ ಮತ್ತು ಸೂಪು. ಯಾವ ಸೂಪು ಅಂತ ಕೇಳಿದೆ. "ಕಂದು ಬಣ್ಣದ್ದು" ಅಂದರು! ಸೂಪಿಗೆ ಅಲ್ಲಿ ಬಣ್ಣವೇ ಹೆಸರು. ಮಗ್ಗಿನಲ್ಲಿ ಬಂತು, ಬಿಸಿಯಾಗಿತ್ತು, ಗಟ್ಟಿಯಾಗಿತ್ತು. ಮಾಂಸ ತಿನ್ನದವರು ಮಾತ್ರ ಒಳಗೇನಿದೆ ಅಂತ ಕೇಳಿಯೇ ಕುಡಿಯುವುದು ಒಳ್ಳೆಯದು.

ಮೂರರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಅದೇ. ಆದರೆ ಕಾರಲ್ಲಿ ಹೋಗಬೇಕು, ಓಡಿಸುವವರು ನಿಂಬೆ ಸೋಡಾದಲ್ಲೇ ಇರಬೇಕು, ಮತ್ತೆ ನಮ್ಮ ಗುಂಪಿನಲ್ಲಿ ಲೈಸೆನ್ಸ್ ಇರುವುದು ನನಗೊಬ್ಬನಿಗೇ. ಹಾಗಾಗಿ ಗೆಲುವು ಫ್ರೀ ಪ್ರೆಸ್ಸಿಗೆ.

ಈ ಶನಿವಾರ ಮೈಸೂರಿಂದ ಭಾವ ಬರುತ್ತಿದ್ದಾರೆ. ಈಗಲ್‌ನಲ್ಲಿ ಚಾವಣಿ ತೋರಿಸಿ, ನಿಂತುಕೊಂಡೇ ಅರ್ಧ ಪಿಂಟ್ ಮುಗಿಸಿ, ಪ್ರಾಸ್ಪೆಕ್ಟ್ ರೋಗೆ ನಡೆಸಿಕೊಂಡು ಹೋಗುತ್ತೇನೆ. ಆರು ಗಂಟೆಗೆ ಮುಂಚೆ ತಲುಪಿದರೆ ಸ್ನಗ್ ಖಾಲಿ ಸಿಗಬಹುದು.